ಪೂನಮ ವೈನಿಯ ಒಡಪು

ನಮ್ಮ ಅವ್ವ ಅಂಬುಬಾಯಿಗೆ ಸೊಸೆಯ ಬಗ್ಗೆ ಜಂಬ ಕೊಚ್ಚಲು ನೆಪವೇ ಬೇಕಿರಲಿಲ್ಲ. ಬಾಗಿಲಿಗೆ ತರಕಾರಿ ಗಾಡಿ ಬಂದರೂ ಸಾಕು, "ನಮ್ಮ ಪೂನಮ ಒಡಪು ತಾನೇ ಕಟ್ಟತಾಳ" ಎಂದು ಶುರು ಮಾಡುತ್ತಿದ್ದಳು. ನಾನು ಶೀತಲ, ಅವಳ ಹೊಟ್ಟೆಯಲ್ಲೇ ಹುಟ್ಟಿದವಳು, ಎಂ.ಎ. ಓದಿದವಳು. ನನ್ನ ಬಗ್ಗೆ ಒಂದು ಮಾತಿಲ್ಲ. ಹೊಟ್ಟೆ ಉರಿಯಿತೇ ಎಂದರೆ, ಉರಿಯಿತು.

ಇದೆಲ್ಲ ಶುರುವಾಗಿದ್ದು ಅಣ್ಣ ಧನರಾಜನ ಮದುವೆಯ ದಿನ. ಬಸವಕಲ್ಯಾಣದ ಪೂನಮ ವೈನಿ, ಅಂದರೆ ನನ್ನ ಅತ್ತಿಗೆ, ಹುಮನಾಬಾದಿನ ನಮ್ಮ ಮನೆಗೆ ಕಾಲಿಡುವಾಗ ನಾನು ಬಾಗಿಲಿಗೆ ಅಡ್ಡ ನಿಂತೆ. ಗಂಡನ ಹೆಸರು ಸೇರಿಸಿ ಒಡಪು ಹೇಳದ ಸೊಸೆಯನ್ನು ನಾವು ಒಳಗೆ ಬಿಡುವುದಿಲ್ಲ. ವೈನಿ ಒಂದಿಷ್ಟೂ ತಡವರಿಸಲಿಲ್ಲ.

"ಬಾನಿಗೆ ಚಂದಿರ, ಬಾಳಿಗೆ ಮಂದಿರ, ಧನರಾಜರ ಹೆಸರೇ ನನಗೆ ಸುಂದರ."

"ಯಾರ ಕಲಿಸಿದ್ರವ್ವ?" ಎಂದಳು ಅವ್ವ.

"ನಾನೇ ಕಟ್ಟಿದ್ದು ರಿ, ಅತ್ತಿ."

ಅವ್ವ ಅಲ್ಲೇ ಕರಗಿಹೋದಳು.

ಮಳೆಗಾಲದಲ್ಲಿ ಮಾಣಿಕನಗರದ ಬಾಳಮ್ಮ ಚಿಗವ್ವನ ಮಗಳ ಕುಬಸ ಬಂತು. ಬಸುರಿಗೆ ಹಸಿರು ಬಳೆ ತೊಡಿಸಿದ ಮೇಲೆ ಹೆಂಗಸರು ಒಬ್ಬೊಬ್ಬರಾಗಿ ಗಂಡನ ಹೆಸರು ಹೇಳತೊಡಗಿದರು. ವೈನಿಗಿಂತ ಮೊದಲು ನಮ್ಮ ಬಳಗದವನೇ ಆದ ಬೇಮಳಖೇಡದ ಅಜೀತನ ಹೆಂಡತಿಯ ಸರದಿ. ಅವಳೂ ಹೊಸ ಸೊಸೆ. ನಾಚಿಕೊಂಡು ಹೇಳಿದಳು:

"ಬಾನಿಗೆ ಚಂದಿರ, ಬಾಳಿಗೆ ಮಂದಿರ, ಅಜೀತರ ಹೆಸರೇ ನನಗೆ ಸುಂದರ."

"ಏಯ್! ಅದು ನಮ್ಮ ಸೊಸಿ ಕಟ್ಟಿದ್ದು. ಕದ್ದಿಯೇನ?" ಎಂದು ಅವ್ವ ಕೂತಲ್ಲೇ ಗುಡುಗಿದಳು.

"ಇಲ್ರಿ ದೊಡ್ಡವ್ವ. ಫೋನಿನ್ಯಾಗ ಎಐಗೆ ಕೇಳಿದ್ದೆ, ಅದೇ ಕಟ್ಟಿಕೊಟ್ತು."

"ಫೋನಿಗೇನ ಗಂಡ ಅದಾನ, ಒಡಪು ಕಟ್ಟಾಕ?"

ಮನೆಯೆಲ್ಲ ಗೊಳ್ಳೆಂದಿತು. ಆ ಹುಡುಗಿಯ ಕಣ್ಣು ತುಂಬಿ ಬಂತು. ನಾನು ವೈನಿಯ ಕಡೆ ನೋಡಿದೆ, ಮುಖ ಬಿಳಿಚಿಕೊಂಡಿತ್ತು. ನನಗೆ ತಿಳಿಯಿತು. ಸುಳ್ಳೇಕೆ, ಒಂದು ಗಳಿಗೆ ಖುಷಿಯೂ ಆಯಿತು. ವೈನಿ ಸುಮ್ಮನಿದ್ದಿದ್ದರೆ ಅವಳ ಹೆಸರು ಉಳಿಯುತ್ತಿತ್ತು, ಆ ಹುಡುಗಿ ಕಳ್ಳಿಯಾಗುತ್ತಿದ್ದಳು, ಅಷ್ಟೇ.

"ಆಕಿ ಕದ್ದಿಲ್ರಿ, ಅತ್ತಿ," ಎಂದಳು ವೈನಿ. "ನಂದೂ ಫೋನೇ ಕಟ್ಟಿದ್ದು. ನಾ ಸುಳ್ಳ ಹೇಳಿದ್ದೆ."

ಅವ್ವನ ನಗು ಆರಿಹೋಯಿತು. "ನಾ ಹೇಳೂ ಒಡಪೆಲ್ಲಾ ಮುಡಬಿ ಊರ ಸೋದರತ್ತಿ ಕಲಿಸಿದ್ದು. ಪ್ರತಿ ಸಲ ಆಕಿ ಹೆಸರ ತಗೊಂಡೇ ಹೇಳ್ತೀನಿ. ನೀನೂ ಹಂಗ ಅಂದಿದ್ರ ಏನಾಗತಿತ್ತು? ಊರ ತುಂಬ ನನ್ನ ಬಾಯಿಲೇ ಸುಳ್ಳ ಹೇಳಿಸಿದಿ." ಆಮೇಲೆ ಅಜೀತನ ಹೆಂಡತಿಯ ಕೈ ಹಿಡಿದು, "ತಪ್ಪಾತವ್ವ" ಎಂದಳು.

ಬಾಳಮ್ಮ ಚಿಗವ್ವ ಬಿಡುವವಳಲ್ಲ. "ಆತಲ್ಲ, ಈಗ ನಿನ್ನ ಸರದಿ ಪೂನಮ. ಫೋನ ಬಿಟ್ಟು ಹೇಳು."

ವೈನಿ ಮೂಗು ಒರೆಸಿಕೊಂಡು, ಆಗಿದ್ದಾಗಲಿ ಎಂಬಂತೆ ಬಾಯಿಗೆ ಬಂದದ್ದು ಹೇಳಿದಳು:

"ಎರಡ ರೊಟ್ಟಿ ಸಾಕಂತಾರ, ಐದ ತಿಂತಾರ, ಉಂಡ ತಾಟ ಅಲ್ಲೇ ಬಿಡತಾರ. ಏಳ್ರಿ ಧನರಾಜ ಅಂದ್ರ, ಬಂದೆ ಬಂದೆ ಅಂತ ಅಲ್ಲೇ ಕುಂದರತಾರ!"

ಹೆಂಗಸರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅವ್ವ ಮಾತ್ರ ನಗಲಿಲ್ಲ. ಮನೆಗೆ ಬರುವಾಗ ಆಟೋದಲ್ಲಿ ತನಗೂ ವೈನಿಗೂ ನಡುವೆ ನನ್ನನ್ನು ಕೂರಿಸಿದಳು. "ಅತ್ತಿ ಇನ್ನ ನನ್ನ ನಂಬಂಗಿಲ್ಲ ಶೀತಲ" ಎಂದು ವೈನಿ ಅಡುಗೆಮನೆಯಲ್ಲಿ ಅತ್ತಳು. ನನಗೆ ನಿಜವಾಗಿಯೂ ಪಾಪವೆನ್ನಿಸಿತು. ಉರಿಯೆಲ್ಲ ಎಲ್ಲಿ ಹೋಯಿತೋ ಗೊತ್ತಿಲ್ಲ.

ಸ್ವಲ್ಪ ದಿನ ಕಳೆದು ಬಸವಕಲ್ಯಾಣದಲ್ಲಿ ವೈನಿಯ ಅಕ್ಕನ ಮಗುವನ್ನು ತೊಟ್ಟಿಲಿಗೆ ಹಾಕುವ ಕಾರ್ಯ. ಬೀಗಿತಿ ಎಂದು ಮೊದಲ ಒಡಪು ಅವ್ವನಿಗೇ ಬಿಟ್ಟರು. ಅವ್ವ ಗಂಟಲು ಸರಿಮಾಡಿಕೊಂಡಳು.

"ಎರಡ ರೊಟ್ಟಿ ಸಾಕಂತಾರ, ಐದ ತಿಂತಾರ, ಉಂಡ ತಾಟ ಅಲ್ಲೇ ಬಿಡತಾರ. ಏಳ್ರಿ ಕಾಶಿರಾಮ ಅಂದ್ರ, ಬಂದೆ ಬಂದೆ ಅಂತ ಅಲ್ಲೇ ಕುಂದರತಾರ!"

ಹೊರಗೆ ಊಟಕ್ಕೆ ಕೂತಿದ್ದ ನಮ್ಮ ಅಪ್ಪ, "ಏನಂದಿ?" ಎಂದು ಕೂಗಿದ. ಅವನ ಮಾತು ಯಾರಿಗೂ ಕೇಳದಷ್ಟು ನಗು. ಅವ್ವ ಕೈ ಎತ್ತಿ ಎಲ್ಲರನ್ನೂ ಸುಮ್ಮನಾಗಿಸಿದಳು.

"ನಿಂದರ್ರಿ. ಇದು ನಂದಲ್ಲ," ಎಂದಳು. "ನಮ್ಮ ಪೂನಮ ಕಟ್ಟಿದ್ದು. ಖರೇನೇ ಕಟ್ಟಿದ್ದು, ನನ್ನ ಕಣ್ಣ ಮುಂದ."