ಕಲ್ಲು ಯಾರದೋ ತೂತೂ ಅವರದೇ

ಬಂಡ್ರಿಯ ಗಾಳೆಮ್ಮನ ಮನೆಗೆ ಆಕಾಶದಿಂದ ಕಲ್ಲು ಬಿದ್ದ ದಿನ ಎಂಥ ಸದ್ದಾಯಿತೆಂದರೆ, ಕಂಪ್ಲಿಯ ಆಲೆಮನೆಗಳಲ್ಲಿ ಆರಲಿಟ್ಟ ಬೆಲ್ಲದ ಅಚ್ಚುಗಳೆಲ್ಲ ಒಮ್ಮೆಗೇ ಬಿರುಕು ಬಿಟ್ಟವು. ಹೊಸಪೇಟೆ ಸ್ಟೇಷನ್ನಿನಲ್ಲಿ ಹೊರಡಲು ನಿಂತಿದ್ದ ರೈಲು, ತನಗಿಂತ ದೊಡ್ಡ ರೈಲು ಎದುರಿಗೆ ಬರುತ್ತಿದೆಯೆಂದು ಹೆದರಿ, ಡ್ರೈವರನ ಅಪ್ಪಣೆಯಿಲ್ಲದೆ ಹಿಂದಕ್ಕೆ ಸರಿಯಿತು. ಚಿತ್ತವಾಡ್ಗಿಯಲ್ಲಿ ಹಾಲು ಹಿಂಡಲು ಕೂತವರ ಚೆಂಬಿಗೆ ಎಮ್ಮೆ ನೇರವಾಗಿ ಮೊಸರನ್ನೇ ಇಳಿಸಿತು. ನಂಬದವರು ಹೋಗಿ ಆ ಎಮ್ಮೆಯ ಮರಿಮೊಮ್ಮಗಳನ್ನು ಕೇಳಬಹುದು; ಅದು ಈಗಲೂ ಅಲ್ಲೇ ಇದೆ, ತಲೆಯಾಡಿಸುತ್ತದೆ.

ಆಗ ಹೊಸಪೇಟೆ ಮದ್ರಾಸ್ ಪ್ರಾಂತ್ಯದ್ದು, ಬಂಡ್ರಿ ಸಂಡೂರು ಸಂಸ್ಥಾನದ್ದು. ಗಾಳೆಮ್ಮ ಮಾತ್ರ ಯಾರವಳೂ ಅಲ್ಲ. ಗಂಡ ಜಂಬಯ್ಯ ಗುಡ್ಡದ ಮ್ಯಾಂಗನೀಸ್ ಗಣಿಯಲ್ಲಿ ಕಲ್ಲು ಒಡೆಯಲು ಹೋದರೆ ಸಂತೆಯ ದಿನವೇ ಮನೆ ಕಾಣುತ್ತಿದ್ದ. ಮಿಕ್ಕ ದಿನವೆಲ್ಲ ಮನೆ, ಹೊಲ, ಆಡು, ಜಗಳ ಎಲ್ಲಕ್ಕೂ ಅವಳೇ ಯಜಮಾನಿ. ಅವಳು ಒಮ್ಮೆ ಗದರಿದರೆ ಸಂಡೂರಿನ ಗುಡ್ಡ ಅರ್ಧ ಮೊಳ ಕುಗ್ಗುತ್ತಿತ್ತು ಎನ್ನುತ್ತಾರೆ. ಗುಡ್ಡದ ನಡುವೆ ತಗ್ಗು ಹೇಗಾಯಿತು ಅಂದುಕೊಂಡಿರಿ ಮತ್ತೆ?

ಆ ಹೊತ್ತು ಅವಳು ಒಳಕಲ್ಲಿನಲ್ಲಿ ಕೆಂಪುಮೆಣಸಿನಕಾಯಿ, ಬೆಳ್ಳುಳ್ಳಿ, ಉಪ್ಪು ಹಾಕಿ, ಗುಂಡುಕಲ್ಲು ತರಲು ಹಿತ್ತಲಿಗೆ ಹೋಗಿದ್ದಳು. ಹಿಂದಿನಿಂದ ಢಮಾರ್! ಓಡಿ ಬಂದು ನೋಡಿದರೆ ಮಣ್ಣಿನ ಮಾಳಿಗೆಯಲ್ಲಿ ಮೊರದಷ್ಟು ಅಗಲದ ತೂತು. ಮುರಿದ ಜಂತಿ ಜೋತಾಡುತ್ತಿದೆ. ಒಳಕಲ್ಲಿನ ಕುಣಿಯಲ್ಲಿ ಅಳತೆ ಕೊಟ್ಟು ಕಡೆಸಿದ ಹಾಗೆ ಒಂದು ಕರಿ ಕಲ್ಲು ಕೂತಿದೆ. ತೆಂಗಿನಕಾಯಿಗಿಂತ ತುಸು ದೊಡ್ಡದು, ಮೈಯೆಲ್ಲ ಹೆಬ್ಬೆರಳಿನಿಂದ ಒತ್ತಿದಂಥ ಗುಳಿ. ಚಟ್ನಿ ನಾಲ್ಕೂ ಗೋಡೆಗೆ ಹಾರಿ ಮೆತ್ತಿದೆ.

ಗಾಳೆಮ್ಮ ಮೇಲೆ ನೋಡಿದಳು, ಕೆಳಗೆ ನೋಡಿದಳು.

"ಗಂಡ ಕಲ್ಲು ಒಡಿಯಾಕ ಗುಡ್ಡಕ್ಕ ಹೊಕ್ಕಾನ. ಕಲ್ಲು ಹೆಂಡ್ತೀನ್ನ ಮಾತಾಡ್ಸಾಕ ಮನೀಗೆ ಬರ್ತತಿ!"

ಕಲ್ಲಿನ ಬಗ್ಗೆ ಅವಳಿಗೆ ಬೆರಗೇನೂ ಆಗಲಿಲ್ಲ. ಕಬ್ಬಿಣದ ಕಲ್ಲಿಗೆ ಆ ಸೀಮೆಯಲ್ಲಿ ಬರವೇ? ಅವಳು ತಲೆ ಮೇಲೆ ಕೈಹೊತ್ತದ್ದು ತೂತು ನೋಡಿ. ರೋಹಿಣಿ ಮಳೆ ಹೊಸ್ತಿಲಲ್ಲಿ ನಿಂತಿತ್ತು. ಬರೀ ಮಣ್ಣಾಗಿದ್ದರೆ ತಾನೇ ಬುಟ್ಟಿ ಹೊತ್ತು ಮಾಳಿಗೆ ಮೆತ್ತುತ್ತಿದ್ದಳು. ಜಂತಿಗೆ ಮರ ಬೇಕು, ಮರಕ್ಕೆ ಬಡಗಿ ಬೇಕು. ಮಳೆ ಒಳಗೆ ಇಳಿದರೆ ವರ್ಷದ ಜೋಳವೆಲ್ಲ ಮೊಳಕೆ.

ಸುದ್ದಿ ಕೇಳಿ ಮೊದಲು ಬಂದವನು ಊರಗೌಡ ಕೊಟ್ರಬಸಪ್ಪ. ಅವನ ಮೀಸೆ ಎಷ್ಟು ಉದ್ದವೆಂದರೆ ಬಾಗಿಲಲ್ಲಿ ಮೊದಲು ಬಲಮೀಸೆ ಬಂದು, ಆಮೇಲೆ ಗೌಡ ಬಂದು, ಕೊನೆಗೆ ಎಡಮೀಸೆ ಬರುತ್ತಿತ್ತು.

"ಗಾಳೆವ್ವಾ, ಈ ಜಾಗ ನಿನ್ನ ಮಾವಗ ಕೊಟ್ಟಾಂವ ನಮ್ಮಪ್ಪ. ಜಾಗ ನಂದಂದ್ರ ಜಾಗದಾಗ ಬಿದ್ದದ್ದೂ ನಂದು. ಕಲ್ಲನ್ನ ನಮ್ಮ ವಾಡೇದ ಮುಂದ ಇಡ್ತೀನಿ."

"ಒಯ್ರಿ ಗೌಡ್ರ, ಯಾರು ಬ್ಯಾಡ ಅಂದ್ರು? ಜೊತಿಗೆ ತೂತೂ ಒಯ್ರಿ."

"ತೂತು ಹೆಂಗ ಒಯ್ಯಾಕ ಬರ್ತತಿ?"

"ಕಲ್ಲು ಯಾರದೋ ತೂತೂ ಅವರದೇ. ಜಂತಿ ಹಾಕ್ಸಿ, ಮಾಳಿಗಿ ಮೆತ್ಸಿ, ಕಲ್ಲು ಎತ್ರಿ."

ಗೌಡ ಮೀಸೆಯನ್ನು ಒಂದು ಸುತ್ತು ತಿರುವಿದ. "ವಿಚಾರ ಮಾಡ್ತೀನಿ," ಅಂದ.

ಮರುದಿನ ಹಂಪಿಯಿಂದ ವ್ಯಾಸರಾಜಾಚಾರ್ಯರು ಬಂದರು. ಗುಡಿಯ ಪೂಜೆ ಅವರದು. ಪುರಾಣ ಹೇಳಲು ಕೂತರೆ ತುಂಗಭದ್ರೆ ಹರಿಯುವುದು ಬಿಟ್ಟು ಕೇಳುತ್ತಿದ್ದಳು. ಮಡಿಯವರು, ಒಳಗೆ ಬರಲಿಲ್ಲ. ಹೊರಗಿನ ಕಟ್ಟೆಯ ಮೇಲೆ ತಮ್ಮದೇ ಚಾಪೆ ಹಾಸಿ, ಬಾಗಿಲಿನಿಂದ ಕಲ್ಲು ನೋಡಿ ಕೈಮುಗಿದರು.

"ವಾಲಿ ಸುಗ್ರೀವರು ಜಗಳಾಡಿದ್ದು ಎಲ್ಲಿ? ನಮ್ಮ ಹಂಪ್ಯಾಗ. ಅವರು ಒಗದಾಡಿದ ಬಂಡೆಗಲ್ಲುಗಳೇ ಅಲ್ಲೆಲ್ಲಾ ಬಿದ್ದಾವ. ಅದರಾಗ ಒಂದು ಕಲ್ಲು ಭಾಳ ಜೋರಾಗಿ ಮ್ಯಾಲ ಹೋಗಿತ್ತು. ತ್ರೇತಾಯುಗದಾಗ ಹೋದದ್ದು, ಈಗ ಇಳೀತು. ಹಂಪಿ ಕಲ್ಲು ಹಂಪಿಗೇ ಸೇರಬೇಕು."

ಜಗಲಿಯ ಮೇಲೆ ಕೂತಿದ್ದ ಗೌಡ ಬಿಟ್ಟಾನೆಯೇ? "ಆಚಾರ್ರ, ಒಗದಾಂವ ವಾಲೀನೋ ಸುಗ್ರೀವನೋ?"

"ಯಾರಾದರೇನು?"

"ಹಂಗಂದ್ರ ಹೆಂಗ್ರಿ? ವಾರಸುದಾರ ಯಾರು ಅಂತ ಗೊತ್ತಾಗಬೇಕಲ್ಲ!"

ಗಾಳೆಮ್ಮ ಸೆರಗು ಸಿಕ್ಕಿಸಿಕೊಂಡು ಬಂದಳು. "ವಾಲೀದಾದ್ರೂ ಆಗ್ಲಿ, ಸುಗ್ರೀವಂದಾದ್ರೂ ಆಗ್ಲಿ. ಜಂತಿ ಯಾರು ಹಾಕ್ಸ್ತೀರಿ ಹೇಳ್ರಿ."

ಆಚಾರ್ಯರು ಕಣ್ಣು ಮುಚ್ಚಿ ಧ್ಯಾನಕ್ಕಿಳಿದರು. ಗೌಡನಿಗೆ ಇದ್ದಕ್ಕಿದ್ದಂತೆ ಎತ್ತಿಗೆ ನೀರು ಕುಡಿಸುವುದು ನೆನಪಾಯಿತು.

ಹೀಗೇ ದಿನ ಕಳೆದವು; ಗೌಡನೂ ಆಚಾರ್ಯರೂ ದಿನಾ ಬಂದು ಹೊರಗೆ ಕೂರುವುದು ತಪ್ಪಲಿಲ್ಲ. ಕಲ್ಲು ನೋಡಲು ಜನ ಬಂದು ಬಂದು ಅಂಗಳದ ನೆಲ ಸವೆದು ಬಾವಿಯಂತಾಯಿತು. ಎಲ್ಲರೂ ಕೆಳಗೆ ನೋಡುತ್ತಿದ್ದರು, ಮೇಲೆ ನೋಡುವವರು ಒಬ್ಬರಿಲ್ಲ. ಗಾಳೆಮ್ಮ ಪಕ್ಕದ ಮನೆಯ ಒಳಕಲ್ಲಿನಲ್ಲಿ ಚಟ್ನಿ ಅರೆದು ತಂದು ರೊಟ್ಟಿ ತಟ್ಟುತ್ತಿದ್ದಳು. ತೂತಿನಿಂದ ಇಳಿದ ಬಿಸಿಲು ರೊಟ್ಟಿ ತಟ್ಟುವ ಕಲ್ಲಿನ ಮೇಲೇ ಬೀಳುತ್ತಿತ್ತು. ಒಂದು ಬೆಳಗ್ಗೆ, ಅತ್ತೆ ಗೋಡೆಗೆ ಸುಣ್ಣದಲ್ಲಿ ಬರೆದಿದ್ದ ನವಿಲು ಕಂಡಿತು. ಮದುವೆಯಾಗಿ ಬಂದಾಗಿನಿಂದ ಆ ಗೋಡೆಗೆ ಬೆನ್ನು ಕೊಟ್ಟೇ ಕೂತಿದ್ದರೂ ನವಿಲು ಇರುವುದು ಗೊತ್ತಿರಲಿಲ್ಲ. "ಬೆಳಕು ಬಂದ ದಾರ್ಯಾಗ ಮಳೀನೂ ಬರ್ತತಿ," ಎಂದು ಗೊಣಗಿ ರೊಟ್ಟಿ ತಿರುವಿ ಹಾಕಿದಳು.

ಆಮೇಲೆ ಬಂದ ನೋಡಿ, ಹೊಸಪೇಟೆಯ ಕಮಲಾಕರ!

ಮದ್ರಾಸಿನ ಮ್ಯೂಸಿಯಮ್ಮಿಗಾಗಿ ಕಲ್ಲು ಸಂಗ್ರಹಿಸುವ ಕೆಲಸ ಅವನದು. ಕಲ್ಲೆಂದರೆ ಪ್ರಾಣ. ಮನೆ ತುಂಬ ಪೇರಿಸಿದ ಕಲ್ಲಿನ ಭಾರಕ್ಕೆ ಅವನ ಮನೆ ವರ್ಷಕ್ಕೊಂದು ಮೆಟ್ಟಿಲು ನೆಲಕ್ಕಿಳಿಯುತ್ತಿತ್ತು. ಹೆಂಡತಿ ವಿಜಯಲಕ್ಷ್ಮೀ ಅಕ್ಕಿ ಆರಿಸಲು ಕೂತರೆ ಪಕ್ಕದಲ್ಲೇ ಕೂತು, "ಬಿಸಾಡಬ್ಯಾಡ, ಕಲ್ಲು ಒಮ್ಮೆ ನೋಡ್ತೀನಿ," ಅನ್ನುತ್ತಿದ್ದ. ಆಕೆ ಇನ್ನೂ ಅವನ ಜೊತೆ ಸಂಸಾರ ಮಾಡುತ್ತಿರುವುದೇ ಆಕಾಶದಿಂದ ಕಲ್ಲು ಬಿದ್ದದ್ದಕ್ಕಿಂತ ದೊಡ್ಡ ಸೋಜಿಗವೆಂದು ಹೊಸಪೇಟೆಯಲ್ಲಿ ಮಾತಿತ್ತು.

ಗಾಡಿ ನಿಲ್ಲುವ ಮೊದಲೇ ಹಾರಿದ. ನೇರ ಒಳಗೆ ಬಂದು ಒಳಕಲ್ಲಿನ ಮುಂದೆ ಮಂಡಿಯೂರಿ, ಮೂಗು ಹಚ್ಚಿ ಮೂಸಿದ. ಮೆಣಸಿನಕಾಯಿ ಘಾಟು ನೆತ್ತಿಗೇರಿ ಸೀನಿದ ಸೀನಿಗೆ ಮಾಳಿಗೆಯ ಪಾರಿವಾಳಗಳೆಲ್ಲ ಎದ್ದು ಕಂಪ್ಲಿಗೆ ಹೋಗಿ ಕೂತವು. ಕಣ್ಣಲ್ಲಿ ನೀರು. ಘಾಟಿಗೋ ಸಂತೋಷಕ್ಕೋ, ಅವನಿಗೇ ತಿಳಿಯಲಿಲ್ಲ.

"ಅಮ್ಮಾ, ಇದು ಗುಡ್ಡದ ಕಲ್ಲಲ್ಲ. ಈ ಭೂಮೀದೇ ಅಲ್ಲ! ಚುಕ್ಕಿಗಳ ನಡುವ ಯಾವ ಕಾಲದಿಂದಲೋ ಅಲೀಕೋತ ಇದ್ದದ್ದು, ಅಷ್ಟು ದೊಡ್ಡ ಲೋಕದಾಗ ನಿಮ್ಮ ಒಳಕಲ್ಲು ಹುಡುಕಿಕೊಂಡು ಬಂದದ!"

ಗಾಳೆಮ್ಮ ಮೊದಲ ಸಲ ಕಲ್ಲನ್ನು ನೆಟ್ಟಗೆ ನೋಡಿದಳು. ಅಷ್ಟು ದೂರದಿಂದ ಬಂದ ನೆಂಟನಿಗೆ ಒಂದು ತಂಬಿಗೆ ನೀರೂ ಕೊಟ್ಟಿಲ್ಲವಲ್ಲ ಅನ್ನಿಸಿತು. ಆದರೂ ಬಿಡಲಿಲ್ಲ. "ಹಂಗಾರ ಇದು ಯಾರದ್ರೀ ಸ್ವಾಮಿ?"

"ಎಲ್ಲರದು. ಮ್ಯೂಸಿಯಮ್ಮಿನಾಗ ಇಟ್ಟರ ಬಡವರು ಬಲ್ಲಿದರು ಎಲ್ಲರೂ ನೋಡಬಹುದು, ತಿಳಿದವರು ಅಭ್ಯಾಸ ಮಾಡಬಹುದು."

ಗೌಡನಿಗೆ ರೇಗಿತು. "ಮದ್ರಾಸಿನ ಗಾಜಿನ ಪೆಟಿಗ್ಯಾಗ ಇಟ್ರ ಬಂಡ್ರಿಯವರು ಯಾವಾಗ ನೋಡೋದ್ರೀ? ಎಲ್ಲಾರದೂ ಅಂದ್ರ ಮದ್ರಾಸಿನವರದೂ ಅಂತ ಅರ್ಥ ಏನು?"

ಖರೆ ಮಾತು. ಕಮಲಾಕರ ತಲೆ ಕೆರೆದುಕೊಂಡು ಮತ್ತೆ ಕಲ್ಲಿನ ಕಡೆ ಬಗ್ಗಿದ.

ಕಟ್ಟೆಯ ಮೇಲಿನಿಂದ ಆಚಾರ್ಯರು ಸೇರಿಸಿದರು. "ಏನಯ್ಯಾ ಕಮಲಾಕರ, ಒಳಗ ಹೊಕ್ಕು ಮಡಿ ಕೆಟ್ಟಿ, ಸ್ನಾನ ಮಾಡದೆ ನಿಮ್ಮ ಮನೀಗೆ ಹೋಗಬ್ಯಾಡ ಮತ್ತ!"

"ಕಲ್ಲಿನ ಪಂಚಾಯ್ತಿ ಆಮ್ಯಾಲೆ," ಅಂದಳು ಗಾಳೆಮ್ಮ. "ಸ್ವಾಮೇರ, ಕಲ್ಲು ಯಾರದೋ ತೂತೂ ಅವರದೇ. ತೂತು ಬೇಕೇನು ನಿಮಗ?"

ಗೌಡ, ಆಚಾರ್ಯ ಇಬ್ಬರೂ ನಕ್ಕರು. ಮೂರನೆಯವನೂ ಈಗ ಧ್ಯಾನಕ್ಕೋ ಎತ್ತಿಗೆ ನೀರಿಗೋ ಏಳುತ್ತಾನೆಂದು ಕಾದರು.

ಕಮಲಾಕರ ಮೇಲೆ ನೋಡಿದ. ಅವನ ಮುಖ ಹೇಗೆ ಅರಳಿತೆಂದರೆ ಮನೆಯಲ್ಲಿ ಎರಡನೇ ತೂತು ಬಿದ್ದಂತೆ ಬೆಳಕಾಯಿತು.

"ಬೇಕು! ಬೇಕಮ್ಮಾ! ತೂತು ಮುಚ್ಚಿಲ್ಲ ಹೌದಲ್ಲ? ದೇವರು ದೊಡ್ಡಾಂವ! ಕಲ್ಲು ಬರೇ ಕಲ್ಲು. ತೂತು ಅದು ಬಂದ ದಾರಿ. ಯಾವ ದಿಕ್ಕಿನಿಂದ ಬಂತು, ಎಷ್ಟು ಓರೆ ಬಂತು, ಎಲ್ಲಾ ತೂತೇ ಹೇಳ್ತದ!"

ತೂತನ್ನು ತನ್ನದೆಂದವನು ಲೋಕದಲ್ಲಿ ಅವನೊಬ್ಬನೇ. ಸರಸರನೆ ಏಣಿ ಹತ್ತಿದ. ಒಳಕಲ್ಲಿನಿಂದ ತೂತಿನ ಅಂಚಿಗೆ, ಅಂಚಿನಿಂದ ಮೇಲೆ ನಿಲ್ಲಿಸಿದ ಬಿದಿರಿನ ಗಳಕ್ಕೆ ದಾರ ಎಳೆದು ಕಟ್ಟಿದ. ದಾರದ ಗುಂಟ ಕಣ್ಣಿಟ್ಟು ಆಕಾಶ ನೋಡಿ, "ಆಹಾ!" ಅಂದ. ಆ 'ಆಹಾ' ಕೇಳಿ ಗಾಳೆಮ್ಮನೂ ಬಗ್ಗಿ ದಾರದ ಗುಂಟ ನೋಡಿದಳು. ಖಾಲಿ ಆಕಾಶ. ಆದರೆ ಅದರಲ್ಲೊಂದು ದಾರಿ ಇದೆ ಅನ್ನಿಸಿತು, ಆ ದಾರಿ ತನ್ನ ಅಡುಗೆಮನೆಗೆ ಬಂದು ಮುಗಿಯುತ್ತದೆ ಅಂತಲೂ.

ಅಷ್ಟರಲ್ಲಿ ಆ ಆಕಾಶವೇ ಕಪ್ಪಾಯಿತು.

ರೋಹಿಣಿ ಮಳೆ ಸಂಡೂರಿನ ಗುಡ್ಡ ಇಳಿದು ಬಂತು. ಹನಿ ಅಂದರೆ ಹನಿಯೇ? ಒಂದೊಂದೂ ಕುಂಬಳಕಾಯಿ! ಗಾಳೆಮ್ಮ ಜೋಳದ ಚೀಲಗಳ ಮೇಲೆ ಅಡ್ಡ ಬಿದ್ದಳು. "ಗೌಡ್ರ, ಒಂದು ಗೋಣಿತಟ್ಟು ತರ್ರಿ! ಆಚಾರ್ರ, ನಿಮ್ಮ ಚಾಪಿ ಕೊಡ್ರಿ!" ಎಂದು ಕೂಗಿದಳು. ಗೌಡ ಜಗಲಿಯ ಮೂಲೆಗೆ ಒತ್ತಿಕೊಂಡು ನಿಂತ. ಆಚಾರ್ಯರು ಚಾಪೆಯನ್ನು ಮಡಚಿ ಎದೆಗೆ ಅವಚಿಕೊಂಡರು. ಮೊದಲ ಹನಿ ಅವಳ ಬೆನ್ನ ಮೇಲೆ ಬಿತ್ತು.

ಎರಡನೆಯದು ಬೀಳಲಿಲ್ಲ.

ಮೇಲೆ ಕಮಲಾಕರ ಕೊಡೆಯನ್ನು ಬಿಚ್ಚಿದ್ದ. ಗಾಳಿ ಅದನ್ನು ಹೊಸಪೇಟೆಗೆ ಒಯ್ದಿತ್ತು. ಹಿಂದೆ ಮುಂದೆ ನೋಡದೆ ಅವನು ತೂತಿನ ಮೇಲೆ ಬೋರಲು ಬಿದ್ದುಬಿಟ್ಟ. ಹೆಂಡತಿಯ ಕೈಯ ಹೋಳಿಗೆ ತಿಂದು ಬೆಳೆದ ಹೊಟ್ಟೆ; ಆ ತೂತಿಗೆಂದೇ ದೇವರು ಅಷ್ಟು ವರ್ಷದಿಂದ ಬೆಳೆಸಿದ್ದನೋ ಏನೋ, ಒಂದು ಎಳ್ಳುಕಾಳಿನಷ್ಟೂ ಸಂದಿ ಉಳಿಯಲಿಲ್ಲ. ಬೆನ್ನ ಮೇಲೆ ಮಳೆ ಡೊಳ್ಳು ಬಾರಿಸಿತು. ಸಿಡಿಲು ಅವನನ್ನು ನೋಡಿ, ಇಂಥವನ ಮೇಲೆ ಬೀಳುವುದು ತರವಲ್ಲವೆಂದು ಪಕ್ಕಕ್ಕೆ ಸರಿದು ಹೋಯಿತು.

"ಅಮ್ಮಾ, ಸೋರಾಕ ಹತ್ತದೇನು?" ಮಾಳಿಗೆಯಿಂದ ದನಿ ಬಂತು.

"ಇಲ್ಲ ಸ್ವಾಮಿ, ಒಂದು ಹನೀನೂ ಇಲ್ಲ. ನಿಮ್ಮ ಹೊಟ್ಟಿ ತಣ್ಣಗಿರ್ಲಿ!"

"ತಣ್ಣಗ ಅದ, ಭಾಳ ತಣ್ಣಗ ಅದ! ಮತ್ತೇನಾದರೂ ತೊಂದ್ರಿ?"

ಗಾಳೆಮ್ಮ ಸುತ್ತ ನೋಡಿದಳು. ಜೋಳ ಬೆಚ್ಚಗಿತ್ತು. ಆದರೆ ಒಳಕಲ್ಲು ಕಾಣಲಿಲ್ಲ, ನವಿಲು ಕಾಣಲಿಲ್ಲ, ತನ್ನ ಕೈ ತನಗೇ ಕಾಣಲಿಲ್ಲ. ಇಷ್ಟು ವರ್ಷ ಈ ಕತ್ತಲಲ್ಲೇ ರೊಟ್ಟಿ ತಟ್ಟಿದ್ದು ತಾನೇ ಏನು?

"ತೊಂದ್ರಿ ಅಂದ್ರ," ಅಂದಳು ಮೆಲ್ಲಗೆ, "ಕತ್ತಲಾತು."

ಮಳೆ ನಿಂತು ಕಮಲಾಕರ ಎದ್ದಾಗ ಬಿಸಿಲು ದಬಕ್ಕನೆ ಒಳಗೆ ಬಿತ್ತು. ನವಿಲು ಅಲ್ಲೇ ಇತ್ತು. ಅವನು ಇಳಿದು ಬಂದು ಮೈಯಿಂದ ನೀರು ಸುರಿಸುತ್ತ ಕಟ್ಟೆಯ ಮುಂದೆ ನಿಂತು, "ಸ್ನಾನ ಆತ್ರೀ ಆಚಾರ್ರ," ಅಂದ. ಆಚಾರ್ಯರು ಬಾಯ್ತುಂಬ ನಕ್ಕುಬಿಟ್ಟರು. ಅವಚಿಕೊಂಡಿದ್ದ ಚಾಪೆಯನ್ನು ಬಿಚ್ಚಿ, "ಕೂಡಯ್ಯಾ," ಎಂದು ಅವನಿಗೇ ಹಾಸಿದರು.

ಗಾಳೆಮ್ಮ ಬಾಗಿಲಲ್ಲಿ ನಿಂತಳು. "ಕಲ್ಲು ಇವರದು. ಒಪ್ಪದವರು ಮುಂದಿನ ಮಳಿಗೆ ಮಾಳಿಗಿ ಹತ್ರಿ."

ಯಾರೂ ಹತ್ತುವ ಸುಳಿವು ತೋರಲಿಲ್ಲ. ಆದರೂ ಗೌಡನ ಮೀಸೆ ಇಳಿಬಿದ್ದದ್ದು ಕಂಡು ಕಮಲಾಕರನಿಗೆ ಆಗ ಸಿಗದ ಉತ್ತರ ಈಗ ಹೊಳೆಯಿತು.

"ಗೌಡ್ರ, ಆಕಾಶದ ಕಲ್ಲು ಯಾವ ಊರಾಗ ಬೀಳ್ತದೋ ಆ ಊರಿನ ಹೆಸರೇ ಅದಕ್ಕ ಇಡೋ ಪದ್ಧತಿ ಅದ. ಇದರ ಹೆಸರು ಬಂಡ್ರಿ. ಎಲ್ಲಿಗೆ ಹೋದ್ರೂ ಬಂಡ್ರಿನೇ."

"ಮದ್ರಾಸಿನಾಗ ದೊರಿಗಳೂ ಬಂಡ್ರಿ ಅನ್ನಬೇಕೇನು?"

"ಬಾಯ್ತುಂಬ ಅನ್ನಬೇಕು."

ಮೀಸೆ ಎರಡೂ ಒಮ್ಮೆಗೇ ಮೇಲೆದ್ದವು. "ಹಂಗಾರ ಒಯ್ರಿ! ಜಂತಿಗೆ ನಮ್ಮ ತ್ವಾಟದ ಮರ ಕಡಿಸ್ತೀನಿ. ಬಂಡ್ರಿ ಬಿದ್ದ ಮನಿ ಸೋರಿತು ಅಂತ ಅನ್ನಿಸಿಕೊಳ್ಳಬೇಕೇನು ನಾವು?"

"ನಾಳೆ ಬಡಗೀನ್ನ ಕರೆಸಿ ತೂತು ಮುಚ್ಚಿಸೋಣಮ್ಮ," ಅಂದ ಕಮಲಾಕರ. "ನನ್ನ ಅಳತಿ ಮುಗೀತು."

"ಮುಚ್ಚಾಕ ನೀವ್ಯಾರು?"

"ತೂತು ನಂದಲ್ಲೇನಮ್ಮ? ನೀವೇ ಅಂದ್ರಲ್ಲ!"

"ಅಂದಿದ್ದೆ. ಈಗ ಇಲ್ಲ. ಕಲ್ಲು ಒಯ್ರಿ, ತೂತು ಕೊಡಂಗಿಲ್ಲ." ಗಾಳೆಮ್ಮ ಸೊಂಟಕ್ಕೆ ಕೈಯಿಟ್ಟಳು. "ಸುತ್ತ ಚೌಕಟ್ಟು ಹಾಕ್ಸಿ, ಬೆಳಕಿಂಡಿ ಮಾಡಿಸಿಕೊಡ್ರಿ. ಮಳಿ ಬಂದಾಗ ಮುಚ್ಚಾಕ ಮ್ಯಾಲೊಂದು ಚಪ್ಪಡಿ ಕಲ್ಲು. ನಿಮ್ಮ ಹೊಟ್ಟೀನ್ನ ದಿನಾ ಎಲ್ಲಿಂದ ತರಲಿ?"

ಆ ಬೆಳಕಿಂಡಿಯಂಥ ಬೆಳಕಿಂಡಿ ಅರಮನೆಯಲ್ಲೂ ಇರಲಿಲ್ಲ. ಗೌಡ ಮರ ಕೊಟ್ಟ, ಬಡಗಿ ಚೌಕಟ್ಟು ಕೂರಿಸಿದ, ಆಚಾರ್ಯರು ಒಳ್ಳೆಯ ಗಳಿಗೆ ನೋಡಿ, ಅದು ಹನುಮಂತದೇವರು ಇಣುಕಿ ನೋಡುವ ಕಿಂಡಿಯೆಂದು ತೀರ್ಪು ಕೊಟ್ಟರು. ಕಲ್ಲನ್ನು ಒಳಕಲ್ಲಿನಿಂದ ಮೀಟಿ ತೆಗೆಯಲು ಇಡೀ ಊರೇ ಹಾರೆ ಹಿಡಿಯಿತು. ಗುಳಿಗಳಲ್ಲಿ ಕೂತ ಚಟ್ನಿ ಮಾತ್ರ ಎಷ್ಟು ತೊಳೆದರೂ ಬಿಡಲಿಲ್ಲ. ಆಕಾಶದಲ್ಲಿ ಬೆಳ್ಳುಳ್ಳಿ ಬೆಳೆಯುತ್ತದೆಯೇ ಎಂದು ಮದ್ರಾಸಿನ ಪಂಡಿತರು ಮುಂದೆ ಬಹಳ ದಿನ ತಲೆ ಕೆಡಿಸಿಕೊಂಡರಂತೆ.

ಜೋಳದ ದಂಟಿನ ಹಾಸಿಗೆಯ ಮೇಲೆ ಕಲ್ಲನ್ನು ಮಲಗಿಸಿ ಗಾಡಿ ಹೂಡಿದ ಬೆಳಗ್ಗೆ ಊರಿಗೆ ಊರೇ ಬೀದಿಗೆ ಬಂದಿತ್ತು. ರಾತ್ರಿ ಮಳೆಯಾಗಿ ಕಿಂಡಿ ಮುಚ್ಚಿತ್ತು. ಗಾಳೆಮ್ಮ ಮಾತ್ರ ಹೊರಗೆ ಬರಲಿಲ್ಲ.

ಗಾಡಿಯ ಮೇಲಿಂದ ಕಮಲಾಕರ ಕೂಗಿದ. "ಅಮ್ಮಾ, ಕಲ್ಲು ಹೊಂಟದ! ಬಂದು ನೋಡೋದಿಲ್ಲೇನು?"

ಒಳಗಿನಿಂದ ರೊಟ್ಟಿ ತಟ್ಟುವ ಸದ್ದಿನ ಜೊತೆಗೇ ಉತ್ತರ ಬಂತು.

"ಬಂದಾಗೇ ನೋಡೀನಿ ಅದರ ಮಾರಿ! ಜ್ವಾಪಾನ ಒಯ್ರಿ. ಹೋಗೋ ಮುಂಚೆ ಮಾಳಿಗಿ ಹತ್ತಿ ಕಿಂಡಿ ಚಪ್ಪಡಿ ಸರಿಸಿ ಹೋಗ್ರಿ ಸ್ವಾಮಿ. ಕತ್ತಲಾಗ ರೊಟ್ಟಿ ಹೊತ್ತಾಕತ್ತೈತಿ."

ಕಮಲಾಕರ ಗಾಡಿ ಇಳಿದು, ಧೋತರ ಮೇಲಕ್ಕೆ ಕಟ್ಟಿ, ಏಣಿ ಹತ್ತಿದ.