ಪ್ರೀದುವಿನ ಪೆಟ್ಟಿಗೆ

ಸಾರೆಮಾ ದ್ವೀಪದ ಕಡಲಂಚಿನ ನಮ್ಮ ಕಣಜದ ಮನೆಗೆ ಇನ್ನೂರು ವರ್ಷ ದಾಟಿತ್ತು. ಜೊಂಡು ಹೊದಿಸಿದ ಮಾಡು, ಒಡೆದ ಹಡಗುಗಳ ಹಲಗೆಯ ಗೋಡೆ. ಬಾಗಿಲು ತೆಗೆದರೆ ಎದುರಿಗೇ ನಮ್ಮ ಕುರಿಗಳು ಬೇಸಿಗೆಯಿಡೀ ಮೇಯುವ ನಡುಗಡ್ಡೆಗಳು. ಆ ಕಣಜದ ಅಟ್ಟದಲ್ಲಿ ನನ್ನ ತಮ್ಮ ಪ್ರೀದು ತನ್ನ ಶವಪೆಟ್ಟಿಗೆಯನ್ನು ತಾನೇ ಮಾಡಿಟ್ಟುಕೊಂಡಿದ್ದ. ನಮ್ಮಲ್ಲಿ ಅದೇನು ಹೊಸದಲ್ಲ. ಆದರೆ ಅದರ ತುಂಬ ರೈ ಧಾನ್ಯ ತುಂಬಿಡಬೇಕು. ಖಾಲಿ ಬಿಟ್ಟರೆ ಪೆಟ್ಟಿಗೆ ತನ್ನ ಯಜಮಾನನನ್ನು ಕರೆಯುತ್ತದೆ.

ಚಳಿ ಹಿಡಿಯುವ ಮೊದಲು ಕುರಿ ತರಲು ಹೋದ ಪ್ರೀದು ಬರಲಿಲ್ಲ. ದೋಣಿಯಷ್ಟೇ ಮಗುಚಿಕೊಂಡು ದಡಕ್ಕೆ ಬಂತು. ಮರುದಿನ ಅವನ ಹೆಂಡತಿ ಇಂಗೆಲ್ ಅಟ್ಟ ಹತ್ತಿ, ಪೆಟ್ಟಿಗೆಯ ಧಾನ್ಯವನ್ನೆಲ್ಲ ಕೆಳಗೆ ಸುರಿದಳು.

"ತಲೆ ಕೆಟ್ಟಿದ್ಯೇನೇ? ಇಲಿಗಳಿಗೆ ಹಬ್ಬ ಮಾಡ್ತಿದ್ದೀಯಾ?" ಎಂದು ರೇಗಿದೆ.

"ಕರೀಲಿ ಭಾವ. ನಾನು ಕೂಗಿದ್ದಂತೂ ಅವ್ರಿಗೆ ಕೇಳ್ಲಿಲ್ಲ. ಇದು ಕರೆದ್ರಾದ್ರೂ ಬರ್ತಾರೇನೋ."

ಚಳಿಗಾಲವಿಡೀ ಅವಳು ಆ ಖಾಲಿ ಪೆಟ್ಟಿಗೆಯ ಧೂಳು ಒರೆಸುತ್ತಿದ್ದಳು.

ಮಂಜುಗಡ್ಡೆ ಕರಗಿದ ಮೇಲೆ ನಡುಗಡ್ಡೆಯ ಬಂಡೆಗಳ ನಡುವೆ ಒಂದು ಹೆಣ ಸಿಕ್ಕಿತು. ಮುಖವೆಂಬುದೇ ಉಳಿದಿರಲಿಲ್ಲ. ಕಣಜದ ಮನೆಗೆ ತಂದು, ಪೆಟ್ಟಿಗೆ ಇಳಿಸಿ, ಅದರ ಪಕ್ಕ ಮಲಗಿಸಿದೆ. ಕಾಲು ಪೆಟ್ಟಿಗೆಗಿಂತ ಒಂದು ಗೇಣು ಆಚೆಗೇ ಹೋಯಿತು. ಪ್ರೀದು ಕುಳ್ಳ.

ಇಂಗೆಲ್ ಆ ಕಾಲುಗಳನ್ನೇ ನೋಡುತ್ತ ನಿಂತಳು. "ನೀರಲ್ಲಿ ನೆನೆದ್ರೆ ಮರ ಉಬ್ಬುತ್ತಲ್ಲ ಭಾವ... ಮನುಷ್ಯರೂ ಉದ್ದ ಆಗ್ತಾರೇನೋ?"

ದೇವರೇ, ಹೌದು ಅನ್ನುವ ಮಾತು ನಾಲಿಗೆ ತುದಿಗೆ ಬಂದಿತ್ತು. "ಇಲ್ಲ ಕಣಮ್ಮ," ಎಂದೆ.

ಅವಳು ಹೆಣದ ಕಾಲಿಗೆ ಅಂಟಿದ್ದ ಪಾಚಿಯನ್ನು ಸೊಂಟಕ್ಕೆ ಕಟ್ಟಿದ್ದ ಬಟ್ಟೆಯಿಂದ ಒರೆಸಿದಳು. "ಇವ್ನಿಗೂ ಒಬ್ಳು ಎಲ್ಲೋ ಕಾಯ್ತಿರ್ತಾಳೆ. ಪೆಟ್ಟಿಗೆ ಉದ್ದ ಮಾಡಿ."

ನನಗೆ ಸಿಟ್ಟು ನೆತ್ತಿಗೇರಿತು. "ಅದು ಪ್ರೀದುದು! ಅಪರಿಚಿತನಿಗೆ ಕೊಟ್ಬಿಟ್ರೆ, ನಾಳೆ ಅವನು ಬಂದ್ರೆ ಎಲ್ಲಿ ಮಲಗಿಸ್ತೀಯ?"

"ಬರಲ್ಲ ಭಾವ."

ಅಷ್ಟು ದಿನ ನಾವಿಬ್ಬರೂ ಆಡದೇ ಇದ್ದ ಮಾತು ಅದು. ನಾನು ಗೊಣಗುತ್ತಲೇ ಕಣಜದ ಗೋಡೆಯಿಂದ ಒಂದು ಹಲಗೆ ಕಿತ್ತೆ. ಆದರೆ ತಮ್ಮ ಅಷ್ಟು ಮುತುವರ್ಜಿಯಿಂದ ಜೋಡಿಸಿದ ಪೆಟ್ಟಿಗೆಯ ಕಾಲಿನ ಬದಿ ಕೊಯ್ದು ಉದ್ದ ಮಾಡಲು ಗರಗಸ ಇಟ್ಟಾಗ, ಕೈ ಮುಂದೆ ಹೋಗಲೇ ಇಲ್ಲ.

ಇಂಗೆಲ್ ನನ್ನ ಕೈಯಿಂದ ಗರಗಸ ತೆಗೆದುಕೊಂಡು, ಮಂಡಿಯೂರಿ, ತಾನೇ ಕೊಯ್ಯತೊಡಗಿದಳು.