ಐದು ಪದಗಳ ಬಾಯಿಪಾಠ

ಅವರ ನೆತ್ತಿಯ ಮೇಲೆ ಹನ್ನೊಂದು ಸೂಜಿಗಳು. ಉಸಿರೆಳೆದಾಗಲೆಲ್ಲ ಅವು ಸಣ್ಣಗೆ ಅಲುಗುತ್ತಿದ್ದವು. ಮೂಗಿನ ಬಳಿ ರೋಸ್ಮರಿ ಎಣ್ಣೆ ಅದ್ದಿದ ಹತ್ತಿ. ಎದುರು ಬೆಂಚಿನ ಮೇಲೆ ಕುಳಿತ ನನಗೆ ಬಂದದ್ದು ಕರುಣೆಯಲ್ಲ, ಸಿಟ್ಟು. ಇಷ್ಟೆಲ್ಲ ಚುಚ್ಚಿಸಿಕೊಂಡೂ ಈ ಮನುಷ್ಯನಿಗೆ ನಾನು ಯಾರೆಂದು ನೆನಪಾಗುತ್ತಿಲ್ಲವಲ್ಲ!

ನನ್ನ ಗಂಡ ಫಣಿರಾಜರು ಮೂವತ್ತು ವರ್ಷ ಬಸ್ ಕಂಡಕ್ಟರ್ ಆಗಿದ್ದವರು. ದಾರಿಯ ನಿಲ್ದಾಣಗಳನ್ನೆಲ್ಲ ನಿದ್ದೆಯಲ್ಲೂ ಒಪ್ಪಿಸುತ್ತಿದ್ದರು. ಪಾರ್ಶ್ವವಾಯು ಬಡಿದ ಮೇಲೆ ಎಡಗೈ ಸೋತಿತು, ಕಾಲು ಹೇಗೋ ಚೇತರಿಸಿಕೊಂಡಿತು, ನೆನಪು ಮಾತ್ರ ಚೂರುಚೂರಾಯಿತು. ದೊಡ್ಡಾಸ್ಪತ್ರೆಯ ಮಾತ್ರೆ, ವ್ಯಾಯಾಮಗಳ ಜೊತೆಗೆ ಡಾಕ್ಟರ್ ಜುಲೇಖಾರ ಸೂಜಿ ಮತ್ತು ಸುಗಂಧದ ಚಿಕಿತ್ಸೆಯೂ ಶುರುವಾಯಿತು.

"ಆಸೆ ಇಟ್ಕೊಳ್ಳಿ, ಅವಸರ ಪಡ್ಬೇಡಿ. ಎಷ್ಟು ಗುಣ ಆಗುತ್ತೆ ಅಂತ ನಾನೂ ಖಡಾಖಂಡಿತ ಹೇಳಲಾರೆ" ಎಂದು ಆಕೆ ಮೊದಲೇ ಎಚ್ಚರಿಸಿದ್ದರು. ಅವಸರಪಡದೆ ಇರುವುದು ನನ್ನ ಹಣೆಯಲ್ಲೇ ಬರೆದಿಲ್ಲ.

ಪ್ರತಿ ಶುಕ್ರವಾರ ಡಾಕ್ಟರು ಐದು ಪದ ಹೇಳಿ, ಹತ್ತು ನಿಮಿಷ ಬಿಟ್ಟು ಕೇಳುತ್ತಿದ್ದರು. ಬಾಚಣಿಗೆ, ನಿಂಬೆಹಣ್ಣು, ಏಣಿ, ಗುಬ್ಬಿ, ಬೀಗ. ಆರು ವಾರವೂ ಅವೇ ಪದಗಳು, ಆರು ವಾರವೂ ಸೊನ್ನೆ. "ಗೊತ್ತಿಲ್ಲ" ಎಂದು ಇವರು ನಕ್ಕುಬಿಡುತ್ತಿದ್ದರು. ಆ ನಗು ನೋಡಿದರೆ ನನಗೆ ಮೈಯೆಲ್ಲ ಉರಿ.

ನಾನು ಪ್ರೈಮರಿ ಶಾಲೆಯಲ್ಲಿ ಪಾಠ ಹೇಳಿದವಳು. ಇನ್‌ಸ್ಪೆಕ್ಟರ್ ಬರುವ ವಾರ ಮಕ್ಕಳಿಗೆ ಉತ್ತರ ಬಾಯಿಪಾಠ ಮಾಡಿಸದವರು ನಮ್ಮಲ್ಲಿ ಯಾರಿದ್ದರು? ಮನೆಯಲ್ಲೂ ಅದನ್ನೇ ಮಾಡಿದೆ. "ಹೇಳ್ರೀ, ಬಾಚಣಿಗೆ! ಯಾರೇನ್ ಕೇಳಿದ್ರೂ ಇದನ್ನೇ ಹೇಳ್ಬೇಕು, ತಿಳೀತಾ?" ಬೆಳಿಗ್ಗೆ, ಸಂಜೆ ಗಂಟಲು ಹರಿಯುವವರೆಗೆ ತಿದ್ದಿದೆ.

ಬಾಯಿಪಾಠ ಶುರುಮಾಡಿದ ಮೂರನೆಯ ವಾರ ಐದಕ್ಕೆ ಐದು! ಡಾಕ್ಟರು ಚಪ್ಪಾಳೆ ತಟ್ಟಿದರು. ಮನೆಯಲ್ಲಿ ಹೇಗಿದ್ದಾರೆ ಎಂದಾಗ, "ಎಲ್ಲಾ ಚೆನ್ನಾಗಿ ನೆನಪಿದೆ" ಎಂದು ನಾಚಿಕೆಯಿಲ್ಲದೆ ಬೀಗಿದೆ.

"ಹಾಗಾದ್ರೆ ಹತ್ತಿರದ ಅಂಗಡಿಗೆ ಒಬ್ರೇ ಹೋಗಿ ಬರ್ಲಿ. ಸೂಜಿ ಇನ್ನು ತಿಂಗಳಿಗೊಂದ್ಸಲ ಸಾಕು."

ಮರುದಿನ ಬೆಳಿಗ್ಗೆ ಕಾಫಿಪುಡಿಗೆಂದು ಕಳಿಸಿದೆ. ಮಧ್ಯಾಹ್ನ ಎರಡಾದರೂ ಮನುಷ್ಯನ ಪತ್ತೆಯಿಲ್ಲ. ಚಪ್ಪಲಿಯನ್ನೂ ಮೆಟ್ಟದೆ ಬೀದಿ ಬೀದಿ ಅಲೆದೆ. ಕೊನೆಗೆ ಸಿಕ್ಕಿದ್ದು ಬಸ್ ನಿಲ್ದಾಣದಲ್ಲಿ, ಹೂ ಮಾರುವ ಹೆಂಗಸೊಬ್ಬಳ ಪಕ್ಕ.

"ನಿಮ್ಮೋರಾ? ಹೆಸ್ರೇನು ಅಂದೆ, ಮನೆ ಎಲ್ಲಿ ಅಂದೆ. ಎಲ್ಲದಕ್ಕೂ ಬಾಚಣಿಗೆ, ನಿಂಬೆಹಣ್ಣು ಅಂತಾರಲ್ಲವ್ವ! ಪಾಪ, ಬೇಕೇನೋ ಅಂತ ಒಂದು ಬಾಚಣಿಗೆ ತಂದ್ಕೊಟ್ಟೆ."

ಇವರ ಮುಷ್ಟಿಯಲ್ಲಿ ಹೊಸ ಕೆಂಪು ಬಾಚಣಿಗೆ ಇತ್ತು. ಭೂಮಿ ಬಾಯಿಬಿಡಬಾರದೇ ಎನ್ನಿಸಿತು.

ನೇರವಾಗಿ ಡಾಕ್ಟರ ಬಳಿ ಕರೆದೊಯ್ದು ಎಲ್ಲವನ್ನೂ ಒಪ್ಪಿಕೊಂಡೆ. ಆಕೆ ಪೆನ್ನಿಗೆ ಮುಚ್ಚಳ ಹಾಕಿ ಕುರ್ಚಿಯನ್ನು ನನ್ನತ್ತ ಎಳೆದುಕೊಂಡರು.

"ನಾನು ಕೇಳ್ತಿದ್ದದ್ದು ಪಾಸು ಫೇಲು ಮಾಡೋಕಲ್ಲಮ್ಮ, ತೊಡಕು ಎಲ್ಲಿದೆ ಅಂತ ನೋಡೋಕೆ. ಪದ ಬದಲಾಯಿಸದೆ ಇದ್ದದ್ದು ನನ್ನದೂ ತಪ್ಪೇ. ಮೊದಲಿಂದ ಶುರು ಮಾಡೋಣ. ನೀವು ಮಾತ್ರ ತುಟಿ ಅಲ್ಲಾಡಿಸ್ಬೇಡಿ."

ಮತ್ತೆ ಹನ್ನೊಂದು ಸೂಜಿ, ಮತ್ತೆ ಹತ್ತಿ. ಡಾಕ್ಟರು ನನ್ನತ್ತ ಕೈ ತೋರಿಸಿ ಕೇಳಿದರು: "ಇವ್ರು ಯಾರು ಹೇಳಿ?"

ಇವರು ನನ್ನ ಬಾಯನ್ನೇ ನೋಡಿದರು. 'ಹೆಂಡತಿ ಅನ್ರೀ' ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಸೆರಗನ್ನು ಬಾಯಿಗೆ ಒತ್ತಿಕೊಂಡೆ. ಹೇಳಿಕೊಡುವವರು ಯಾರೂ ಇಲ್ಲವೆಂದು ತಿಳಿಯಲು ಅವರಿಗೆ ತುಂಬಾ ಹೊತ್ತು ಬೇಕಾಯಿತು. ಆಮೇಲೆ ಒಮ್ಮೆಲೇ ಮುಖ ಅರಳಿತು.

"ಟೀಚರು" ಎಂದರು.

ಹಾಗೆಂದು ಬಲಗೈಯಿಂದ ತಮ್ಮ ಸೋತ ಎಡಗೈಯನ್ನು ಎತ್ತಿ ಎದೆಗಿಟ್ಟುಕೊಂಡು, ಅದರ ಮೇಲೆ ಬಲಗೈ ಕಟ್ಟಿ, ಬೆನ್ನು ನೆಟ್ಟಗೆ ಮಾಡಿ ಕುಳಿತರು.